ಬೆಳೆಯುವವರಿಗೆ ಎರಡು ಬೆರಳು

ಆ ಟೈಲರಿಗೆ ಒಂದು ಹಟವಿತ್ತು. ಮಕ್ಕಳ ಬಟ್ಟೆಗೆ ಅಳತೆ ತೆಗೆದಾಗ ಟೇಪು ಎಷ್ಟು ಹೇಳಿತೋ ಅಷ್ಟನ್ನೇ ಅವನು ಯಾವತ್ತೂ ಬರೆದುಕೊಂಡವನಲ್ಲ. ಎರಡು ಬೆರಳು ಸೇರಿಸಿಯೇ ಬರೆಯುತ್ತಿದ್ದ. ಎರಡು ಬೆರಳೆಂದರೆ ಒಂದೂವರೆ ಇಂಚು. "ಮಕ್ಕಳು ನಿಂತ ನಿಂತಲ್ಲೇ ಬೆಳೀತಾವೆ. ನಾನು ಹೊಲಿದು ಮುಗಿಸೋ ಹೊತ್ತಿಗೂ ಇಷ್ಟೇ ಇರ್ತಾನೆ ಅಂತ ಏನು ಗ್ಯಾರಂಟಿ?" ಎಂದು ತಾಯಂದಿರ ಬಾಯಿ ಮುಚ್ಚಿಸುತ್ತಿದ್ದ. ಹೀಗಾಗಿ ಆ ಬೀದಿಯ ಮಕ್ಕಳೆಲ್ಲ ಹೊಸ ಬಟ್ಟೆ ಹಾಕಿದ ದಿನ ಅಣ್ಣಂದಿರ ಬಟ್ಟೆ ಕದ್ದು ಹಾಕಿಕೊಂಡವರ ಹಾಗೆ ಕಾಣುತ್ತಿದ್ದರು. ಮೈಗೆ ಸರಿಯಾಗಿ ಕೂರುವ ಹೊತ್ತಿಗೆ ಮೊಣಕೈ ಸವೆದಿರುತ್ತಿತ್ತು. ಆದರೂ ಯಾರೂ ಅಂಗಡಿ ಬದಲಾಯಿಸಲಿಲ್ಲ, ಏಕೆಂದರೆ ಅವನ ಹೊಲಿಗೆ ಬಿಚ್ಚಿಹೋಗುತ್ತಿರಲಿಲ್ಲ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಮಷೀನು, ಬಟ್ಟೆ ಕತ್ತರಿಸುವ ಒಂದು ಮೇಜು, ಮೂಲೆ ಒಡೆದ ನಿಲುವುಗನ್ನಡಿ. ಹಿಂದೆ ಅಡುಗೆ, ಮಹಡಿಯ ಮೇಲೆ ನಿದ್ದೆ. ಇರುವವರು ಮೂವರು: ಟೈಲರು, ಅವನ ಎಂಟು ವರ್ಷದ ಮಗಳು, ಅವನ ಅಕ್ಕ. ಮಗಳಿಗೆ ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು, ಮನೆಯಲ್ಲಿ ಮಾತ್ರ ಅವಳು ಗುಂಡಿ. ಅಂಬೆಗಾಲಿಡುವಾಗ ಮಷೀನಿನ ಕೆಳಗೆ ಬಿದ್ದಿದ್ದ ಕೋಟಿನ ಗುಂಡಿಯೊಂದನ್ನು ನುಂಗಿ, ಮೂರು ದಿನ ಅಪ್ಪನ ಜೀವ ಬಾಯಿಗೆ ತಂದು, ನಾಲ್ಕನೆಯ ದಿನ ಅದನ್ನು ಹಿಂದಿರುಗಿಸಿದ್ದಳು. ಆ ಗುಂಡಿಯನ್ನು ತೊಳೆದು ಅದೇ ಕೋಟಿಗೆ ಹಾಕಿದನೋ ಇಲ್ಲವೋ ಎಂಬ ವಿಷಯದಲ್ಲಿ ಟೈಲರು ಇಂದಿಗೂ ಬಾಯಿಬಿಟ್ಟಿಲ್ಲ.

ಗುಂಡಿಗೆ ವರ್ಷ ತುಂಬುವ ಮೊದಲೇ ಅವಳ ತಾಯಿ ಜ್ವರ ಬಂದು ತೀರಿಕೊಂಡಿದ್ದಳು. "ಎರಡು ವಾರ ಇದ್ದು ಹೋಗ್ತೀನಿ" ಎಂದು ಒಂದು ಸೂಟ್‌ಕೇಸು ಹಿಡಿದು ಬಂದ ಅಕ್ಕ ಏಳು ವರ್ಷ ಉಳಿದಳು. ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಡಾಕ್ಟರುಗಳ ಕೈಬರಹವನ್ನೇ ಓದಬಲ್ಲವಳಿಗೆ ತಮ್ಮನ ಮನಸ್ಸು ಓದುವುದು ಯಾವ ಲೆಕ್ಕ? ಗುಂಡಿಯ ಜಡೆ, ಗುಂಡಿಯ ಕೆಮ್ಮು, ಗುಂಡಿಯ ಮಗ್ಗಿ, ಎಲ್ಲ ಅವಳದೇ. ಬಲ್ಬು ಹೋದರೆ ಸ್ಟೂಲು ಹತ್ತುವವಳೂ ಅವಳೇ, ಯಾಕೆಂದರೆ ನಮ್ಮ ಟೈಲರಿಗೆ ಸ್ಟೂಲಿನ ಮೇಲೆ ನಿಂತರೆ ಕಾಲು ನಡುಗುತ್ತಿತ್ತು.

ಈಗ ನಲವತ್ತಾರನೆಯ ವಯಸ್ಸಿನಲ್ಲಿ ಅಕ್ಕನಿಗೆ ಮದುವೆ ಗೊತ್ತಾಗಿತ್ತು. ಕೈಹಿಡಿಯಲಿರುವವರು ಬಂದರಿನಲ್ಲಿ ಕ್ರೇನ್ ಓಡಿಸುವವರು, ಹೆಂಡತಿಯನ್ನು ಕಳೆದುಕೊಂಡವರು. ಇಲ್ಲಿ ಸೇತುವೆ ಕಟ್ಟುವಾಗ ಆರು ತಿಂಗಳು ಇದ್ದು, ಕೆಮ್ಮಿಲ್ಲದಿದ್ದರೂ ವಾರಕ್ಕೊಂದು ಬಾಟಲಿ ಕೆಮ್ಮಿನ ಸಿರಪ್ಪು ಕೊಂಡು, ಕೊನೆಗೆ ಇನ್ನು ಕುಡಿಯಲಾರೆ ಎನಿಸಿದಾಗ ಮನಸ್ಸಿನ ಮಾತು ಹೇಳಿದ್ದರು. ಮೂರು ವಾರ ಕಳೆದರೆ ನೋಂದಣಿ ಕಚೇರಿಯಲ್ಲಿ ಸಹಿ. ಆಮೇಲೆ ಅಕ್ಕ ರೈಲಿನಲ್ಲಿ ಒಂದು ಹಗಲು ಪೂರ್ತಿ ದೂರವಿರುವ ಬಂದರಿಗೆ ಹೋಗುವವಳು. ಟೈಲರು "ಒಳ್ಳೇದಾಯ್ತು ಬಿಡಕ್ಕ" ಎಂದಿದ್ದ. ಅಷ್ಟಂದು ಹೋಗಿ ಮಷೀನು ತುಳಿಯತೊಡಗಿದ್ದ.

ಗುಂಡಿ ಅಷ್ಟನ್ನೂ ಅನ್ನಲಿಲ್ಲ. ಕ್ರೇನಿನವರು ಮನೆಗೆ ಬಂದು ಟೀ ಕುಡಿದು ಹೋದ ದಿನದಿಂದ ಅವಳು ಅತ್ತೆಯ ಜೊತೆ ಮಾತು ಬಿಟ್ಟಿದ್ದಳು. ಹೇಳಲೇಬೇಕಾದದ್ದಿದ್ದರೆ ಅಪ್ಪನ ಮೂಲಕ. "ಅಪ್ಪ, ಅತ್ತೆಗೆ ಹೇಳು, ಜಡೆ ಬಿಗಿ ಆಯ್ತು ಅಂತ." ಅತ್ತೆ ಅವಳ ಹಿಂದೆಯೇ ಕೂತು, ಅವಳ ಕೂದಲನ್ನೇ ಕೈಯಲ್ಲಿ ಹಿಡಿದಿರುತ್ತಿದ್ದಳು. ಟೈಲರು ಮಷೀನು ನಿಲ್ಲಿಸಿ, "ಅಕ್ಕ, ಜಡೆ ಬಿಗಿ ಆಯ್ತಂತೆ" ಎನ್ನುತ್ತಿದ್ದ. ಮಹಡಿಯ ಮೇಲೆ ಅಕ್ಕನ ಹಳೆಯ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಅವಳು ಬೆಳಗ್ಗೆ ಅದರಲ್ಲಿ ಇಟ್ಟ ಟವೆಲು, ಚಪ್ಪಲಿ, ಸ್ವೆಟರು ಸಂಜೆಗೆ ತಮ್ಮಷ್ಟಕ್ಕೆ ತಾವೇ ಕಪಾಟಿಗೆ ಮರಳಿರುತ್ತಿದ್ದವು. ಅಕ್ಕ ಮರುದಿನ ಮತ್ತೆ ಇಡುತ್ತಿದ್ದಳು. ಹೀಗೆ ಎರಡು ತಿಂಗಳು ನಡೆದಿತ್ತು.

ಮೂವರೂ ಒಂದು ದಿನ ಪಾರ್ಕಿಗೆ ಹೋಗಿಬರುವುದೆಂದು ಟೈಲರು ತೀರ್ಮಾನ ಮಾಡಿದ್ದು ಇದಕ್ಕೇ. ಊರಾಚೆ ಇರುವ ಆ ದೊಡ್ಡ ಆಟದ ಪಾರ್ಕಿನಲ್ಲಿ ಗಿಡುಗ ಎಂಬ ಒಂದು ರೈಲಿತ್ತು, ಆಕಾಶಕ್ಕೆ ಏರಿ ತಲೆಕೆಳಗಾಗಿ ಇಳಿಯುವಂಥದ್ದು. ಮೂರು ವರ್ಷದ ಹಿಂದೆ ಅತ್ತೆಯ ಜೊತೆ ಹೋಗಿದ್ದಾಗ ಗುಂಡಿಯನ್ನು ಅದರ ಬಾಗಿಲಲ್ಲೇ ತಡೆದಿದ್ದರು. ಅಲ್ಲೊಂದು ಮರದ ಜಿರಾಫೆ ನಿಲ್ಲಿಸಿದ್ದಾರೆ. ಮಗುವಿನ ತಲೆ ಅದರ ಕಿವಿಗೆ ತಾಗಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಗುಂಡಿಯ ತಲೆ ಆಗ ಜಿರಾಫೆಯ ಹೊಟ್ಟೆಯ ಹತ್ತಿರ ಇತ್ತು. "ನೀನು ಕಿವಿ ಮುಟ್ಟಿದ ದಿನ ಇಬ್ರೂ ಒಟ್ಟಿಗೆ ಹತ್ತೋಣ" ಎಂದು ಅತ್ತೆ ಮಾತು ಕೊಟ್ಟಿದ್ದಳು. ಆ ಮಾತು ಇನ್ನೂ ಬಾಕಿ ಇತ್ತು. ಪಕ್ಕಪಕ್ಕ ಕೂತು ತಲೆಕೆಳಗಾದರೆ ಕೂಸು ಅತ್ತೆಯ ಕೈ ಹಿಡಿದು ಕಿರುಚಲೇಬೇಕು, ಕಿರುಚುತ್ತ ಮುನಿಸು ಇಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ, ಇದು ಟೈಲರ ಸಿದ್ಧಾಂತ. ಮಗಳು ಹೀಗೆ ಮೂತಿ ತಿರುಗಿಸಿಕೊಂಡೇ ಅಕ್ಕನನ್ನು ಕಳಿಸಿಬಿಟ್ಟರೆ, ಮುಂದೆ ಇಬ್ಬರಿಗೂ ಅದು ಮಾಸದ ಕಲೆಯಾಗುತ್ತದೆ ಎಂದು ಅವನಿಗೆ ಹೆದರಿಕೆ. ಮೂರು ವಾರದಲ್ಲಿ ಅವನಿಗೆ ಬಿಡುವಿದ್ದದ್ದು ಒಂದೇ ಭಾನುವಾರ.

ಟಿಕೆಟ್ಟು ಫೋನಿನಲ್ಲೇ ಕೊಳ್ಳಬೇಕಿತ್ತು. ಕತ್ತರಿಸುವ ಮೇಜಿನ ಮೇಲೆ ಫೋನಿಟ್ಟು ಅಕ್ಕ ಓದಿದಳು, ಅವನು ಕೋಟೊಂದಕ್ಕೆ ಕಾಜಾ ಹಾಕುತ್ತ ತೀರ್ಪು ಕೊಟ್ಟ. ಟಿಕೆಟ್ಟು ಒಂದು ಸಾಲಿನಲ್ಲಿ ಮುಗಿಯಿತು. ಅದರ ಕೆಳಗೆ ಬೇಕಾದರೆ ಕೊಳ್ಳಿ ಎಂಬಂಥವು ಎರಡು ಪುಟ.

"ಮೂಗಿಗಿಂತ ಮೂಗುತಿ ಭಾರ" ಎಂದ ಟೈಲರು.

ಅವನ ಕಸುಬಿನಲ್ಲೂ ಇಂಥವಿದ್ದವು. ಗಿರಾಕಿಗಳು ಅಂಚಿಗೆ ಲೇಸು ಬೇಕು, ಪೈಪಿಂಗು ಬೇಕು, ಹೊಳೆಯುವ ಗುಂಡಿ ಬೇಕು ಎನ್ನುತ್ತಾರೆ, ಒಳಗೊಂದು ಪದರ ಅಸ್ತರು ಹಾಕಿಸಿ ಎಂದರೆ ದುಡ್ಡು ದಂಡ ಎನ್ನುತ್ತಾರೆ. ಬಟ್ಟೆಯ ಆಯಸ್ಸು ಇರುವುದು ಕಣ್ಣಿಗೆ ಕಾಣದ ಆ ಅಸ್ತರಿನಲ್ಲೇ ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಆದ್ದರಿಂದ ಜಗತ್ತಿನ ಎಲ್ಲ ವಸ್ತುಗಳನ್ನೂ ಅವನು ಎರಡೇ ಗಂಟು ಮಾಡಿದ್ದ, ಲೇಸು ಮತ್ತು ಅಸ್ತರು.

"ಕರಡಿ ವೇಷದವರ ಜೊತೆ ಕೂತು ತಿಂಡಿ" ಎಂದು ಅಕ್ಕ ಓದಿದಳು.

"ಲೇಸು. ಪಾಪ, ಆ ಕರಡಿ ಮನೇಲಿ ತಿಂದು ಬಂದಿರುತ್ತೆ."

"ಲಾಕರು."

"ಲೇಸು. ಚೀಲ ಕಾಯೋಕೆ ನಾನಿಲ್ವಾ?"

"ಎಷ್ಟು ಸಲ ಬೇಕಾದ್ರೂ ಶರಬತ್ತು ತುಂಬಿಸ್ಕೊಳ್ಳೋ ಲೋಟ."

ಅವನು ಸೂಜಿ ನಿಲ್ಲಿಸಿ ಯೋಚಿಸಿದ. "ಒಂದು ತಗೋ. ಮೂರು ಜನ ಒಂದರಲ್ಲೇ ಕುಡಿಯೋಣ."

"ಹಾಗೆ ಮಾಡ್ಬಾರ್ದು ಅಂತ ಕೆಳಗೆ ಬರೆದಿದಾರೆ."

"ಹಾಗಾದ್ರೆ ಲೇಸು."

"ರೈಲಲ್ಲಿ ಕೂತಾಗ ಅವರೇ ತೆಗೆಯೋ ಫೋಟೊ."

"ಶುದ್ಧ ಲೇಸು. ಫೋನು ಇಲ್ವಾ?"

"ಗಿಡುಗಕ್ಕೆ ಸಾಲಲ್ಲಿ ನಿಲ್ಲದೆ ಹೋಗೋ ಪಾಸು. ಮೂರು ಜನರದು ಒಟ್ಟಿಗೇ ಬರುತ್ತೆ. ಮಗೂ ಎತ್ತರ ಕೇಳ್ತಾರೆ."

"ಅದು ಅಸ್ತರು" ಎಂದ ಟೈಲರು ತಡಮಾಡದೆ. ಬಿಸಿಲಿನಲ್ಲಿ ಎರಡು ಗಂಟೆ ಮಾತಿಲ್ಲದ ಇಬ್ಬರ ನಡುವೆ ನಿಲ್ಲುವುದು ಅವನಿಗೆ ಬೇಡವಾಗಿತ್ತು. ಮೂರನೆಯ ಪಾಸು ತನ್ನ ಜೇಬಿನಲ್ಲಿರಲಿ, ತಾನು ಕೆಳಗೆ ಚೀಲ ಕಾಯುವುದು ಎಂದುಕೊಂಡ. ಗುಂಡಿಯನ್ನು ಕರೆದು ಕನ್ನಡಿಯ ಪಕ್ಕ ನಿಲ್ಲಿಸಿ, ನೆತ್ತಿಯಿಂದ ನೆಲದವರೆಗೆ ಟೇಪು ಬಿಟ್ಟ. "ನಲವತ್ತೆಂಟೂವರೆ. ಜಿರಾಫೆ ಕಿವಿ ನಲವತ್ತೆಂಟಕ್ಕೆ. ಧಾರಾಳವಾಗಿ ಆಯ್ತು, ಬರ್ಕೋ."

ಅಕ್ಕ ಒಂದು ಕ್ಷಣ ಮಗುವಿನ ನೆತ್ತಿಯನ್ನೇ ನೋಡಿದಳು. ಆಮೇಲೆ ಬರೆದುಕೊಂಡಳು. "ಕೊನೇದು. ಅವತ್ತು ಬಳಸೋಕೆ ಆಗದ ಪಾಸನ್ನ ಒಂದು ವರ್ಷದೊಳಗೆ ಬೇರೆ ದಿನಕ್ಕೆ ಬದಲಾಯಿಸ್ಕೊಳ್ಳೋ ಸೌಲಭ್ಯ. ಒಬ್ಬೊಬ್ಬರಿಗೆ ಬೇರೆ ಬೇರೆ ಕೊಳ್ಳಬೇಕು."

"ಇದಕ್ಕಿಂತ ದೊಡ್ಡ ಲೇಸಿಲ್ಲ. ಹೋಗೋರು ನಾವು, ಬದಲಾಯಿಸೋದು ಯಾಕೆ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರ ಮಾತು."

"ನೀನು ಕುಲಾವಿ ಹೊಲಿದೇ ಅಲ್ವಾ ಊಟ ಮಾಡೋದು" ಎಂದಳು ಅಕ್ಕ. ಅಷ್ಟರಲ್ಲಿ ಕೋಟಿನ ಗಿರಾಕಿ ಬಾಗಿಲಿಗೆ ಬಂದ. ಟೈಲರು ಕೋಟು ತೋರಿಸಲು ಎದ್ದುಹೋದ, ಫಾರಮ್ಮು ಅಕ್ಕನೇ ಮುಗಿಸಿದಳು.

ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೋದರು. ಹೊರಗಿನ ತಿಂಡಿ ಬಿಡುವುದಿಲ್ಲವೆಂದು ಗೇಟಿನಲ್ಲಿ ಹೇಳಿದ್ದರಿಂದ ಟೈಲರು ತಂದಿದ್ದ ಹನ್ನೆರಡು ಬೇಯಿಸಿದ ಮೊಟ್ಟೆಗಳನ್ನು ಮೂವರೂ ಅಲ್ಲೇ ನಿಂತು ತಿನ್ನತೊಡಗಿದರು. ಮೂವರೂ ಸೇರಿದರೂ ಎಂಟರ ಮೇಲೆ ಆಗಲಿಲ್ಲ, ಉಳಿದದ್ದು ಕಾವಲುಗಾರನಿಗೆ ಹೋಯಿತು. ಒಳಗೆ ಕಾಲಿಟ್ಟು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎದುರಿಗೆ ಕರಡಿ ಬಂತು. ಮಕ್ಕಳೆಲ್ಲ ಕರಡಿಯ ಮುಖ ನೋಡಿದರೆ ಟೈಲರು ಅದರ ಕಂಕುಳು ನೋಡಿದ. ಒಂದು ಗೇಣು ಹೊಲಿಗೆ ಬಿಟ್ಟಿತ್ತು. ಅದನ್ನು ನೋಡಿಯೂ ಮುಂದೆ ಹೋಗುವುದು ಅವನ ಜಾಯಮಾನದಲ್ಲಿರಲಿಲ್ಲ. ಕಾಲರಿನ ಅಡಿಯಲ್ಲಿ ಸದಾ ದಾರ ಪೋಣಿಸಿಯೇ ಸಿಕ್ಕಿಸಿಕೊಂಡಿರುತ್ತಿದ್ದ ಸೂಜಿ ತೆಗೆದು, "ಕೈ ಎತ್ತಪ್ಪ" ಎಂದ. ಕರಡಿ ಕೈ ಎತ್ತಿತು.

"ಹೊಲಿದ್ರಾ ಅಣ್ಣ?" ಒಳಗಿನಿಂದ ದಣಿದ ದನಿ ಬಂತು. "ಬೆಳಗ್ಗೆಯಿಂದ ಅಲ್ಲೊಂದೇ ಕಡೆ ಗಾಳಿ ಆಡ್ತಿತ್ತು."

ಗುಂಡಿ ಕಿಸಕ್ಕನೆ ನಕ್ಕಳು. ಪಕ್ಕಕ್ಕೆ ತಿರುಗಿದರೆ ಅತ್ತೆಯೂ ನಗುತ್ತಿದ್ದಳು. ತಕ್ಷಣ ಗುಂಡಿ ನಗು ನಿಲ್ಲಿಸಿ ತನ್ನ ಶೂ ನೋಡಿಕೊಂಡಳು. ಟೈಲರು ಹಲ್ಲಿನಿಂದ ದಾರ ಕಡಿಯುತ್ತ ಇದನ್ನು ಕಂಡು, ಇರಲಿ, ಗಿಡುಗ ಇನ್ನೂ ಮುಂದಿದೆ ಎಂದುಕೊಂಡ.

ಗಿಡುಗದ ಬಾಗಿಲಲ್ಲಿ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಪಾಸಿನವರ ಬಾಗಿಲು ಬೇರೆ. ಟೋಪಿ ಹಾಕಿದ ಹುಡುಗಿಯೊಬ್ಬಳು ಪಾಸು ನೋಡಿ, ಗುಂಡಿಯನ್ನು ಜಿರಾಫೆಯ ಪಕ್ಕ ನಿಲ್ಲಿಸಿದಳು. ಗುಂಡಿ ಎದೆ ಉಬ್ಬಿಸಿ, ಗದ್ದ ಎತ್ತಿ, ಉಸಿರು ಬಿಗಿಹಿಡಿದು ನಿಂತಳು. ಕಿವಿ ಮೇಲಿತ್ತು. ಹಿಮ್ಮಡಿ ಎತ್ತಿದಳು. ಹುಡುಗಿ ಮೆಲ್ಲಗೆ ಅವಳ ಹೆಗಲು ಒತ್ತಿ ಕೆಳಗಿಳಿಸಿದಳು.

"ಸ್ವಲ್ಪ ಕಮ್ಮಿ ಇದೆ ಸರ್."

"ಸಾಧ್ಯವೇ ಇಲ್ಲ. ನಾನೇ ಅಳೆದಿದೀನಿ. ನಿಮ್ಮ ಜಿರಾಫೆನೇ ಸರಿ ಇಲ್ಲ" ಎಂದು ಟೈಲರು ಜೇಬಿನಿಂದ ಟೇಪು ಎಳೆದ. ಮೂವತ್ತು ವರ್ಷ ಅಳತೆ ತೆಗೆದವನು, ಮರದ ಪ್ರಾಣಿಯೊಂದರಿಂದ ಪಾಠ ಹೇಳಿಸಿಕೊಳ್ಳುವವನಲ್ಲ. ನೆತ್ತಿಯಿಂದ ನೆಲಕ್ಕೆ ಟೇಪು ಬಿಟ್ಟ. ನಲವತ್ತೇಳು. ಮತ್ತೊಮ್ಮೆ ಬಿಟ್ಟ. ನಲವತ್ತೇಳೇ. ಆಗ ಅವನಿಗೆ ತಾನು ಏನು ಮಾಡಿದ್ದೇನೆಂದು ಹೊಳೆಯಿತು. ಅಂದು ಅಂಗಡಿಯಲ್ಲೂ ಟೇಪು ನಲವತ್ತೇಳನ್ನೇ ಹೇಳಿತ್ತು, ಬೆಳೆಯುವ ಮಗು ಎಂದು ಬಾಯಿ ತನ್ನಷ್ಟಕ್ಕೆ ಎರಡು ಬೆರಳು ಸೇರಿಸಿಬಿಟ್ಟಿತ್ತು.

ಗುಂಡಿ ರಂಪ ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ತುಟಿ ಕಚ್ಚಿಕೊಂಡು, "ಅಪ್ಪ, ಅತ್ತೆಗೆ ಹೇಳು, ಅವಳೊಬ್ಬಳೇ ಹೋಗ್ಲಿ ಅಂತ. ಹೇಗಿದ್ರೂ ಹೋಗೋಳೇ ಅಲ್ವಾ" ಎಂದಳು. ಕಣ್ಣಲ್ಲಿ ನೀರು ತುಂಬಿ ನಿಂತಿತ್ತು. ಟೈಲರಿಗೆ ಆ ಮಾತನ್ನು ಅಕ್ಕನಿಗೆ ದಾಟಿಸಲು ಆಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಅವನ ಅಂಚೆ ನಿಂತುಹೋಯಿತು.

ಅವನು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅಲ್ಲೇ ಇದ್ದ ಬೆಂಚಿನ ಮೇಲೆ ಕುಸಿದು ಕೂತ. ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಅಕ್ಕ, ಒಂದೇ ಒಂದು ದಿನ ಇತ್ತು. ಅದನ್ನೂ ನಾನೇ ಹಾಳು ಮಾಡ್ದೆ" ಎಂದ.

ಅಕ್ಕ ಫೋನು ಹಿಡಿದು ಕೌಂಟರಿಗೆ ಹೋದಳು. ಹಿಂದಿರುಗಿದಾಗ ಕೈಯಲ್ಲಿ ಎರಡು ಚೀಟಿ ಇದ್ದವು. ಬೆಂಚಿನ ಮೇಲೆ ಗುಂಡಿಯ ಆಚೆ ಬದಿಗೆ ಕೂತು, ಚೀಟಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ನಂದೂ ಇವಳದೂ ಹಾಳಾಗಿಲ್ಲ. ಒಂದು ವರ್ಷದೊಳಗೆ ಯಾವತ್ತಾದ್ರೂ ಬರಬಹುದು. ತಾರೀಕು ನಾವೇ ಬರ್ಕೊಡಬೇಕು."

"ಅದು ಆ ಬದಲಾಯಿಸೋ ಸೌಲಭ್ಯ ಅಲ್ವಾ? ನಾನು ಬೇಡ ಅಂದಿದ್ದೆನಲ್ಲ."

"ನೀನು ಕೋಟು ಕೊಡೋಕೆ ಎದ್ದುಹೋದೆಯಲ್ಲ, ಆಗ ಒತ್ತಿದೆ."

ಟೈಲರು ಅಕ್ಕನ ಮುಖ ನೋಡಿದ. "ನಿಂಗೆ ಗೊತ್ತಿತ್ತಾ, ಇವಳು ಮುಟ್ಟಲ್ಲ ಅಂತ?"

"ದಿನಾ ಜಡೆ ಹಾಕೋಳು ನಾನು. ನೆತ್ತಿ ಎಲ್ಲಿಗೆ ಬರುತ್ತೆ ಅಂತ ನನ್ನ ಕೈಗೆ ಗೊತ್ತಿರಲ್ವಾ? ನಿನ್ನ ಎರಡು ಬೆರಳೂ ಗೊತ್ತು."

"ಹಾಗಾದ್ರೆ ಹೇಳ್ಬಾರ್ದಾಗಿತ್ತಾ?"

"ಹೇಳೋಣ ಅನ್ಕೊಂಡೆ. ಇನ್ನೂ ದಿನ ಇತ್ತು, ಬೆಳೆದ್ರೂ ಬೆಳೀಬಹುದು ಅನ್ನಿಸ್ತು. ಬೆಳೆದಿದ್ರೆ ಇವತ್ತೇ ಹತ್ತುತ್ತಿದ್ವಿ. ಬೆಳೀದೇ ಇದ್ರೆ..." ಅಕ್ಕ ಚೀಟಿಗಳ ಅಂಚು ಸರಿಮಾಡಿದಳು. ಮುಂದಿನದನ್ನು ತಮ್ಮನಿಗೆ ಹೇಳಿದಳೋ, ನಡುವೆ ಕೂತ ಮಗುವಿಗೆ ಹೇಳಿದಳೋ ಗೊತ್ತಾಗಲಿಲ್ಲ. "ಮದುವೆ ಆಗಿ ಹೋಗೋರೆಲ್ಲ ಬರ್ತಾ ಇರ್ತೀನಿ ಅಂತಾರೆ. ಆಮೇಲೆ ಈ ವಾರ ಆಗಲ್ಲ, ಮುಂದಿನ ತಿಂಗಳು ಬರ್ತೀನಿ ಅಂತ ಮುಂದಕ್ಕೆ ಹಾಕ್ತಾರೆ. ನಾನೂ ಹಾಗಾಗ್ಬಿಟ್ರೆ ಅಂತ ಭಯ ಆಯ್ತು. ತಾರೀಕು ಹಾಕಿರೋ ಚೀಟಿ ಇದ್ರೆ ಬರಲೇಬೇಕಲ್ಲ. ಇವಳನ್ನ ಅಳಿಸಿದ್ದು ತಪ್ಪೇ, ಬೈ ಬೇಕಾದ್ರೆ."

ಮೇಲೆ ಗಿಡುಗ ಗಡಗಡನೆ ಒಂದು ಸುತ್ತು ಹೋಯಿತು, ಅದರೊಳಗಿನವರ ಕೂಗು ಬಂದು ಹೋಯಿತು. ಗುಂಡಿ ಮೂಗೊರೆಸಿಕೊಂಡಳು. ಚೀಟಿಯ ಮೇಲಿನ ಖಾಲಿ ಗೆರೆಯನ್ನು ಬೆರಳಿನಿಂದ ತೋರಿಸಿದಳು.

"ಅತ್ತೆ, ಯಾವ ತಾರೀಕು?"

ಅಪ್ಪನ ಮೂಲಕವಲ್ಲ, ನೇರವಾಗಿ ಕೇಳಿದ್ದಳು. ಅಕ್ಕ ಚೀಟಿಯ ಮೇಲೆ ಬಗ್ಗಿ ಪೆನ್ನು ಹುಡುಕುವವಳ ಹಾಗೆ ಚೀಲ ಕೆದಕಿದಳು. ಪೆನ್ನು ಕೈಯಲ್ಲೇ ಇತ್ತು. "ನೀನು ಹೇಳು. ನೀನು ಎಂದು ಅಂದ್ರೆ ಅಂದೇ."

ಶಾಲೆಯ ರಜೆ, ಕ್ರೇನಿನ ರಜೆ, ಒಂದು ಇಂಚು ಬೆಳೆಯಲು ಬೇಕಾದ ಕಾಲ, ಇಷ್ಟನ್ನೂ ಲೆಕ್ಕ ಹಾಕಲು ಅವರಿಬ್ಬರಿಗೆ ಬಹಳ ಹೊತ್ತು ಬೇಕಾಯಿತು. ನಡುನಡುವೆ ಜಗಳವೂ ಆಯಿತು. ಟೈಲರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಕೊನೆಗೆ ಅವನ ಕಡೆ ತಿರುಗಿದವಳು ಅಕ್ಕ.

"ನಿಂದು ಮಾತ್ರ ಬದಲಾಯಿಸೋಕೆ ಆಗಲ್ಲ. ನಿಂಗೆ ಒತ್ತಲಿಲ್ಲ ನಾನು. ನಿನ್ನ ಎತ್ತರ ಇನ್ನೇನು ಬದಲಾಗುತ್ತೆ?"

"ಅಂದ್ರೆ?"

"ಅಂದ್ರೆ ಇವತ್ತೇ ಹತ್ತಬೇಕು" ಎಂದಳು ಗುಂಡಿ. "ದುಡ್ಡು ಕೊಟ್ಟಿದೀವಿ."

ಅವನು ಕಾಲು ನೋವು ಎಂದ, ಮೊಟ್ಟೆ ಜೀರ್ಣವಾಗಿಲ್ಲ ಎಂದ. ಯಾವುದೂ ನಡೆಯಲಿಲ್ಲ. ಎರಡು ತಿಂಗಳು ಬೇರೆಯಾಗಿದ್ದ ಇಬ್ಬರು ಒಂದಾದರೆ ಅವರ ಮುಂದೆ ಮೂರನೆಯವನ ಆಟ ಏನು ನಡೆದೀತು? ಅತ್ತೆ ಒಂದು ಕಡೆಯಿಂದ, ಸೊಸೆ ಒಂದು ಕಡೆಯಿಂದ ತಳ್ಳಿ ಒಳಗೆ ಕಳಿಸಿದರು. ಟೋಪಿಯ ಹುಡುಗಿ ಅವನನ್ನು ಕೂರಿಸಿ ಕಬ್ಬಿಣದ ಪಟ್ಟಿ ಎಳೆದಳು. ಪಕ್ಕದ ಸೀಟು ಖಾಲಿ ಇತ್ತು.

ಬಂಡಿ ನಿಧಾನವಾಗಿ ಏರಿತು. ಟೈಲರು ಕಣ್ಣು ಮುಚ್ಚಿದ್ದ. ತುದಿ ತಲುಪಿ ಒಂದು ಗಳಿಗೆ ನಿಂತಾಗ ತಪ್ಪಿ ಕಣ್ಣು ತೆರೆದ. ಬಹಳ ಕೆಳಗೆ ಬೆಂಚು ಕಂಡಿತು. ಗುಂಡಿ ಅತ್ತೆಯ ಮೊಣಕಾಲುಗಳ ನಡುವೆ ನೆಲದ ಮೇಲೆ ಕೂತಿದ್ದಳು, ಅಕ್ಕ ಅವಳ ಜಡೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಇನ್ನು ಕೆಲವೇ ದಿನ ಕಳೆದರೆ ಆ ಕೈ ಮನೆಯಲ್ಲಿರುವುದಿಲ್ಲ. ಇದು ಅವನಿಗೆ ಎರಡು ತಿಂಗಳಿನಿಂದ ಗೊತ್ತಿದ್ದ ಸಂಗತಿ. ಆದರೆ ಮಗಳಿಗಾಗಿ ಚಿಂತೆ ಮಾಡುವುದರಲ್ಲಿ ತನ್ನ ಪಾಲಿನ ದುಃಖವನ್ನು ಅವನು ಒಳಗೆ ಮಡಿಚಿ ಹೊಲಿದುಬಿಟ್ಟಿದ್ದ. ಬಂಡಿ ತಲೆಕೆಳಗಾಯಿತು. ಟೈಲರು ಕಿರುಚಿದ. ಭಯಕ್ಕೆ ಕಿರುಚಿದ, ಆಮೇಲೆ "ಅಕ್ಕಾ" ಎಂದು ಕಿರುಚಿದ, ಚಿಕ್ಕಂದಿನಲ್ಲಿ ಕಿರುಚುತ್ತಿದ್ದ ಹಾಗೆಯೇ. ಇಳಿಯುವಷ್ಟರಲ್ಲಿ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಅಂತೂ ಅವನ ಸಿದ್ಧಾಂತ ಸುಳ್ಳಾಗಲಿಲ್ಲ.

ಹೊರಗೆ ಬರುವ ದಾರಿಯಲ್ಲಿ ಫೋಟೊದವರ ಅಂಗಡಿ. ಗೋಡೆಯ ಪರದೆಯ ಮೇಲೆ ಟೈಲರ ಮುಖ: ಬಾಯಿ ಬಾವಿಯಷ್ಟು ತೆರೆದಿದೆ, ಕೂದಲು ನೆಟ್ಟಗೆ ನಿಂತಿದೆ, ಕಾಲರಿನಲ್ಲಿ ಸೂಜಿ ಹೊಳೆಯುತ್ತಿದೆ. ಗುಂಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಸಲ ಅತ್ತೆ ನಗುತ್ತಿದ್ದುದನ್ನು ನೋಡಿಯೂ ನಿಲ್ಲಿಸಲಿಲ್ಲ.

"ಅಪ್ಪ, ಇದು ಲೇಸಾ, ಅಸ್ತರಾ?"

ಟೈಲರು ಆ ಮುಖ ನೋಡಿದ. ಕಣ್ಣೀರು ಕೆನ್ನೆಯ ಮೇಲೆ ಗಾಳಿಗೆ ಹಿಂದಕ್ಕೆ ಹರಿದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಅಕ್ಕನೂ ಅದನ್ನೇ ನೋಡುತ್ತಿದ್ದಳು, ಅವಳ ನಗು ನಿಂತುಹೋಗಿತ್ತು. ಅವನು ಜೇಬಿಗೆ ಕೈಹಾಕಿ ಹಣ ಕೊಟ್ಟ.

ಅಂಗಡಿಯವನು ಫೋಟೊವನ್ನು ಯಾರಿಗೆ ಕೊಡಲಿ ಎಂದು ನೋಡಿದ. ಅಕ್ಕ ಕೈ ಚಾಚಿದಳು. "ಇದು ನಂಗಿರಲಿ. ಅಲ್ಲಿಗೆ ತಗೊಂಡು ಹೋಗ್ತೀನಿ."

ಟೈಲರು ಮಗಳ ಕಡೆ ನೋಡಿದ. ಅಲ್ಲಿಗೆ ಎಂಬ ಮಾತು ಆ ಮನೆಯಲ್ಲಿ ಎರಡು ತಿಂಗಳಿನಿಂದ ಯಾರೂ ಆಡಿರಲಿಲ್ಲ. ಗುಂಡಿ ಫೋಟೊವನ್ನು ತಾನೇ ಈಸಿಕೊಂಡು, ಅಂಚು ಮುದುಡದಂತೆ ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಕೊಟ್ಟಳು.

"ಮಡಚಬೇಡ ಅತ್ತೆ. ಸೂಟ್‌ಕೇಸಲ್ಲಿ ಸ್ವೆಟರ್ ಮೇಲೆ ಇಡು. ನಾನು ತೆಗೆಯಲ್ಲ."